ಪಾಲಿಕೆಗೆ ಕೊಟ್ಟ ಮನವಿ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿನ ಒಂದು ಮೂಲೆಯಲ್ಲಿ ಮಳಿಗೆಗಳನ್ನು ಕಟ್ಟುತ್ತಾರಂತೆ. ಅದು ಬೇಡ ಅಂತ ನಿವಾಸಿಗಳೆಲ್ಲ ಸಹಿ ಹಾಕಿ ಪಾಲಿಕೆ ಆಯುಕ್ತರಿಗೆ ಮನವಿ ಕೊಟ್ಟೆವು. ಎರಡು ತಿಂಗಳಾಯಿತು, ಉತ್ತರವಿಲ್ಲ. ಆಮೇಲೆ ವಲಯ ಕಚೇರಿ ಮುಂದೆ ಧರಣಿ ಕೂತೆವು. ಅಧಿಕಾರಿಯೊಬ್ಬರು ಹೊರಗೆ ಬಂದು ಮನವಿ ತೆಗೆದುಕೊಂಡರು, ‘ಪರಿಶೀಲಿಸುತ್ತೇವೆ’ ಅಂದರು. ಪೇಪರಿನಲ್ಲಿ ಫೋಟೊ ಬಂತು. ಅಷ್ಟೇ. ನಮ್ಮ ಪತ್ರಕ್ಕೆ ಒಳಗೆ ಏನಾಗುತ್ತದೆ? ಇನ್ನೂ ದೊಡ್ಡ ಪ್ರತಿಭಟನೆ ಮಾಡಬೇಕಾ?
(ಹೆಸರು, ಊರು ಬೇಡ ಎಂದಿದ್ದಾರೆ)

ಉತ್ತರ: ಮೊದಲು ಪತ್ರದ ದಾರಿ ನೋಡೋಣ. ಟಪಾಲು ವಿಭಾಗದಲ್ಲಿ ಅದಕ್ಕೆ ಸೀಲು ಮತ್ತು ಇನ್ವರ್ಡ್ ನಂಬರ್ ಬೀಳುತ್ತದೆ. ಆಯುಕ್ತರ ಮೇಜಿಗೆ ಹೋದರೆ ಅವರು ಮೂಲೆಯಲ್ಲಿ ‘ನಿಯಮಾನುಸಾರ ಕ್ರಮ ವಹಿಸಿ’ ಎಂದು ಷರಾ ಬರೆಯುತ್ತಾರೆ. ಅಲ್ಲಿಂದ ವಲಯ ಕಚೇರಿಗೆ, ಅಲ್ಲಿಂದ ಒಬ್ಬ ವಿಷಯ ನಿರ್ವಾಹಕರ, ಅಂದರೆ ಆ ವಿಷಯದ ಕಡತ ನೋಡಿಕೊಳ್ಳುವ ಸಿಬ್ಬಂದಿಯ ಕೈಗೆ. ಇಷ್ಟರವರೆಗೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಎಡವಟ್ಟು ಆಗುವುದು ಇದರ ಮುಂದೆ.

ಮಳಿಗೆ ಕಟ್ಟುವ ಯೋಜನೆಗೆ ಬೇರೆಯೇ ಒಂದು ಕಡತ ಇರುತ್ತದೆ. ಅದು ಎಂಜಿನಿಯರಿಂಗ್ ವಿಭಾಗದಲ್ಲಿ ಓಡಾಡುತ್ತಿರುತ್ತದೆ: ಅಂದಾಜು ಪಟ್ಟಿ, ಅನುಮೋದನೆ, ಟೆಂಡರ್. ನಿಮ್ಮ ಮನವಿ ಆ ಕಡತದೊಳಗೆ ಸೇರಲೇ ಇಲ್ಲ ಅಂದರೆ, ಯೋಜನೆಗೆ ಸಹಿ ಹಾಕುವ ಅಧಿಕಾರಿಯ ಮಟ್ಟಿಗೆ ಅದು ಇಲ್ಲ ಎಂದೇ ಲೆಕ್ಕ. ‘ಸಾರ್ವಜನಿಕರಿಂದ ಆಕ್ಷೇಪಣೆ ಬಂದಿದೆ’ ಎಂಬ ಒಂದು ಸಾಲು ಕಡತದ ಟಿಪ್ಪಣಿ ಹಾಳೆಯಲ್ಲಿ (ಅಧಿಕಾರಿಗಳು ಅಭಿಪ್ರಾಯ ಬರೆದು ಸಹಿ ಹಾಕುವ ಹಾಳೆ) ಬಂತು ಅಂದರೆ ಕಥೆ ಬೇರೆ. ಆಗ ಮೇಲಿನ ಪ್ರತಿ ಅಧಿಕಾರಿಯೂ ಆ ಸಾಲು ಓದಿಯೇ ಸಹಿ ಹಾಕಬೇಕು. ನಾಳೆ ಕೋರ್ಟು ಕೇಳಿದರೆ ಉತ್ತರ ಕೊಡಬೇಕಾದವರು ಅವರೇ.

ಆದ್ದರಿಂದ ಪ್ರತಿಭಟನೆ ದೊಡ್ಡದು ಮಾಡುವ ಮೊದಲು ಕಡತದ ನಂಬರ್ ಹುಡುಕಿ. ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಎಷ್ಟೋ ಜನ ಎರಡು ಪುಟ ದೂರು ಬರೆದು, ಅದೇ ಕಾರಣಕ್ಕೆ ಅರ್ಜಿ ವಾಪಸ್ ಬಂತು ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ‘ಯಾಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ. ಅದು ಮಾಹಿತಿ ಅಲ್ಲ, ವಾದ. ‘ಇಂಥ ತಾರೀಕಿನ, ಇಂಥ ನಂಬರಿನ ನಮ್ಮ ಮನವಿಯ ಮೇಲಿನ ಟಿಪ್ಪಣಿ ಹಾಳೆಯ ಪ್ರತಿ ಕೊಡಿ’ ಎಂದು ಬರೆಯಿರಿ. ಯೋಜನೆಯ ಕಡತ ಸಂಖ್ಯೆ ಮತ್ತು ಅನುಮೋದನೆ ಆದೇಶದ ಪ್ರತಿಗೆ ಇನ್ನೊಂದು ಅರ್ಜಿ ಹಾಕಿ. 30 ದಿನ ಮುಗಿದರೂ ಸುಮ್ಮನಿದ್ದರೆ ಅಲ್ಲಿಂದ ಇನ್ನೊಂದು 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಕಡತದ ನಂಬರ್ ಸಿಕ್ಕಿದ ಮೇಲೆ ಎರಡನೇ ಪತ್ರ ಬರೆಯಿರಿ. ವಿಷಯದ ಸಾಲಿನಲ್ಲೇ ಆ ನಂಬರ್ ಇರಲಿ. ‘ಈ ಆಕ್ಷೇಪಣೆಯನ್ನು ಸದರಿ ಕಡತದಲ್ಲಿ ಸೇರಿಸಿ, ಲಿಖಿತ ಹಿಂಬರಹ ಕೊಡಿ’ ಎಂದು ಕೇಳಿ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳುವುದನ್ನು ದಯವಿಟ್ಟು ಮರೆಯಬೇಡಿ. ಕಚೇರಿ ತನ್ನ ನಿಲುವನ್ನು ಬರಹದಲ್ಲಿ ಕೊಟ್ಟರೆ, ಅದು ನಿಮ್ಮ ವಿರುದ್ಧವೇ ಇದ್ದರೂ, ಮುಂದೆ ಮೇಲಿನ ಅಧಿಕಾರಿಯ ಬಳಿಯೋ ಕೋರ್ಟಿಗೋ ಹೋಗಲು ನಿಮ್ಮ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಬಾಯಿಮಾತಿನ ‘ಪರಿಶೀಲಿಸುತ್ತೇವೆ’ಗೆ ಆ ಬೆಲೆ ಇಲ್ಲ.

ಇನ್ನೊಂದು ಮಾತು. ಇನ್ನೂರು ಸಹಿ ಇರುವ ಒಂದು ಪತ್ರಕ್ಕೆ ಬೀಳುವುದು ಒಂದೇ ನಂಬರ್. ಇಪ್ಪತ್ತು ಮನೆಯವರು ತಂತಮ್ಮ ಕಾರಣ ಬರೆದು ಬೇರೆ ಬೇರೆ ಕೊಟ್ಟರೆ ಇಪ್ಪತ್ತು ನಂಬರ್. ಒಬ್ಬರ ಮಗು ಅಲ್ಲಿ ಆಡುತ್ತದೆ, ಇನ್ನೊಬ್ಬರ ಮನೆಗೆ ಮಳೆನೀರು ನುಗ್ಗುತ್ತದೆ, ಮತ್ತೊಬ್ಬರ ಬಳಿ ಬಡಾವಣೆಯ ಹಳೇ ನಕ್ಷೆ ಇದೆ. ಒಂದೇ ಮಾದರಿಯ ಜೆರಾಕ್ಸ್ ಕೊಡಬೇಡಿ, ಅವನ್ನೆಲ್ಲ ಒಟ್ಟಿಗೆ ಕಟ್ಟಿ ಒಂದೇ ಎಂದು ಎಣಿಸುತ್ತಾರೆ.

ಪತ್ರದಲ್ಲಿ ಏನು ಬರೆಯಬೇಕು ಅನ್ನುವುದು ಇದಕ್ಕಿಂತ ಮುಖ್ಯ. ‘ನಮಗೆ ತೊಂದರೆ ಆಗುತ್ತದೆ’ ಅಷ್ಟೇ ಸಾಲದು. ನಿಮ್ಮ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆ ಇದೆ. ನಿಮ್ಮ ಪಾರ್ಕು ಆ ಕಾಯ್ದೆಯ ಪಟ್ಟಿಯಲ್ಲಿ ಇದೆಯೇ ಎಂದು ಕೇಳಿ. ಮಾಸ್ಟರ್ ಪ್ಲಾನ್‌ನಲ್ಲಿ ಪಾರ್ಕು ಎಂದು ತೋರಿಸಿದ ಜಾಗದ ಬಳಕೆ ಬದಲಿಸಬೇಕಾದರೆ ಮೊದಲು ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ಅದು ನಡೆದಿದೆಯೇ ಎಂದೂ ಕೇಳಿ.

ಇದಕ್ಕೆ ನಮ್ಮ ಬೆಂಗಳೂರಿನದೇ ದೊಡ್ಡ ಉದಾಹರಣೆ ಇದೆ. ಸದಾಶಿವನಗರದಲ್ಲಿ ಪಾರ್ಕಿಗೆಂದು ಮೀಸಲಿಟ್ಟಿದ್ದ ಜಾಗವನ್ನು 1976ರಲ್ಲಿ ಸರ್ಕಾರದ ಆದೇಶದಂತೆ ಖಾಸಗಿ ಆಸ್ಪತ್ರೆಗೆ ಕೊಡಲು ಹೊರಟರು. ಮುಖ್ಯಮಂತ್ರಿಯ ಸೂಚನೆಯೇ ಅದರ ಹಿಂದೆ ಇತ್ತು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಗೆಲುವನ್ನು ಎತ್ತಿಹಿಡಿಯಿತು. ಮುದ್ದಪ್ಪ ಪ್ರಕರಣ ಎಂದೇ ಅದು ವಕೀಲರ ನಡುವೆ ಪ್ರಸಿದ್ಧ. ಪಾರ್ಕು ಕಳೆದುಕೊಳ್ಳುವ ನಿವಾಸಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ ಎಂದು ಕೋರ್ಟು ಹೇಳಿತು. ಅಲ್ಲಿ ಬರಲಿದ್ದದ್ದು ಆಸ್ಪತ್ರೆ. ಆದರೂ ಒಪ್ಪಲಿಲ್ಲ. ನಿಮ್ಮಲ್ಲಿ ಬರುತ್ತಿರುವುದು ಅಂಗಡಿ ಮಳಿಗೆ! ಈ ತೀರ್ಪಿನ ಹೆಸರನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ಅದನ್ನು ಓದಿದ ವಿಷಯ ನಿರ್ವಾಹಕರು ಕಡತವನ್ನು ಕಾನೂನು ಕೋಶದ ಅಭಿಪ್ರಾಯಕ್ಕೆ ಕಳಿಸುವ ಸಾಧ್ಯತೆ ಜಾಸ್ತಿ.

ಹಾಗಾದರೆ ಧರಣಿ ವ್ಯರ್ಥವಾ? ಖಂಡಿತ ಅಲ್ಲ. ಬೆಂಗಳೂರಿನ ಸ್ಟೀಲ್ ಫ್ಲೈಓವರ್ ನೆನಪಿದೆ ಅಲ್ವಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್, ಸುಮಾರು 1,800 ಕೋಟಿ ರೂಪಾಯಿ, ಎಂಟುನೂರಕ್ಕೂ ಹೆಚ್ಚು ಮರಗಳಿಗೆ ಕೊಡಲಿ. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆ ಬದಿಯಲ್ಲಿ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಜನರಿಗೆ ನೆನಪಿರುವುದು ಆ ಸರಪಳಿ. ಅದೇ ಹೊತ್ತಿಗೆ ಹೈಕೋರ್ಟಿನಲ್ಲಿ, ಹಸಿರು ನ್ಯಾಯಮಂಡಳಿಯಲ್ಲಿ ದಾವೆಗಳೂ ನಡೆಯುತ್ತಿದ್ದವು. ಬೀದಿಯ ಒತ್ತಡ ಮತ್ತು ಕಾಗದದ ಒತ್ತಡ ಎರಡೂ ಒಟ್ಟಿಗೆ ಬಂದವು. ಮಂಡೂರಿನ ಜನ ತಮ್ಮೂರಿಗೆ ಬರುತ್ತಿದ್ದ ಬೆಂಗಳೂರಿನ ಕಸದ ಲಾರಿಗಳ ವಿರುದ್ಧ 2014ರಲ್ಲಿ ಗಟ್ಟಿಯಾಗಿ ನಿಂತರು. ಗಡುವು ಬೇಕು ಎಂದು ಪಟ್ಟು ಹಿಡಿದರು, ಆ ವರ್ಷದ ಕೊನೆಗೆ ಲಾರಿಗಳು ನಿಂತವು. ಪ್ರತಿಭಟನೆ ಗಡುವನ್ನು ಕೇಳಬೇಕು, ಭರವಸೆಯನ್ನಲ್ಲ. ಮುಂದಿನ ಸಲ ಅಧಿಕಾರಿ ಹೊರಗೆ ಬಂದಾಗ ಮನವಿ ಕೊಟ್ಟು ಫೋಟೊಗೆ ನಿಲ್ಲಬೇಡಿ. ‘ಯಾವ ತಾರೀಕಿಗೆ ಹಿಂಬರಹ ಕೊಡುತ್ತೀರಿ, ಈ ಪ್ರತಿಯ ಮೇಲೆ ಬರೆದು ಸಹಿ ಹಾಕಿ’ ಎಂದು ಕೇಳಿ.

ಪ್ರಶ್ನೆ: ರಸ್ತೆ ಅಗಲ ಮಾಡಲು ನಮ್ಮ ಬೀದಿಯ ಮೂವತ್ತು ಮರಗಳಿಗೆ ನಂಬರ್ ಹಾಕಿದ್ದಾರೆ. ಯಾವ ಪ್ರಕಟಣೆಯೂ ಕಾಣಲಿಲ್ಲ. ಜನರ ಅಭಿಪ್ರಾಯ ಕೇಳಲೇಬೇಕಲ್ವಾ?

ಉತ್ತರ: ಇಲ್ಲಿ ಕಾನೂನಿನಲ್ಲೇ ಒಂದು ದೊಡ್ಡ ಕಂಡಿ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ, ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯುವುದು 50ಕ್ಕಿಂತ ಹೆಚ್ಚು ಮರ ಇದ್ದಾಗ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ ಉರುಳಿದ್ದು 40 ಮರ. ಜನ ಬೀದಿಗೆ ಬಂದು ಸಂಕಟ ತೋಡಿಕೊಂಡರು, ಆದರೆ ಅಷ್ಟೊತ್ತಿಗೆ ನೆರಳು ಹೋಗಿಯಾಗಿತ್ತು. 49 ಮರಕ್ಕೆ ಯಾರ ಮಾತೂ ಬೇಡ ಅನ್ನುವ ಈ ಮಿತಿ ನನಗೆ ಸರಿ ಅನ್ನಿಸುವುದಿಲ್ಲ. ಅದು ಬದಲಾಗಲೇಬೇಕು.

ಆದರೆ ಕಾಯುತ್ತ ಕೂರಬೇಡಿ. ಸಂಖ್ಯೆ ಎಷ್ಟೇ ಇರಲಿ, ಕಡಿಯಲು ವೃಕ್ಷಾಧಿಕಾರಿಯ ಲಿಖಿತ ಅನುಮತಿ ಬೇಕು. ನಂಬರ್ ಹಾಕಿದ್ದನ್ನು ಕಂಡ ದಿನವೇ ವೃಕ್ಷಾಧಿಕಾರಿಗೆ ಬರೆಯಿರಿ, ಸ್ವೀಕೃತಿ ಪಡೆಯಿರಿ. ಪ್ರತಿ ಮರದ ಫೋಟೊ, ಸುತ್ತಳತೆ, ಜಾಗ ಗುರುತಿಸಿಡಿ. ರಸ್ತೆಯ ಒಟ್ಟು ಯೋಜನೆ ಎಷ್ಟು ಉದ್ದ ಎಂದೂ ವಿಚಾರಿಸಿ. ಒಂದೇ ಕಾಮಗಾರಿಯನ್ನು ತುಂಡು ಮಾಡಿ ಪ್ರತಿ ತುಂಡಿನಲ್ಲೂ 50ಕ್ಕಿಂತ ಕಡಿಮೆ ತೋರಿಸಿದ್ದರೆ, ನಿಮ್ಮ ಆಕ್ಷೇಪಣೆಯ ಮೊದಲ ಸಾಲೇ ಅದಾಗಬೇಕು.

ಪ್ರಶ್ನೆ: ನಮ್ಮಲ್ಲಿ ಪಾಲಿಕೆ ಚುನಾವಣೆಯೇ ಆಗಿಲ್ಲ. ಕಾರ್ಪೊರೇಟರ್ ಇಲ್ಲದಾಗ ಯಾರ ಮೇಲೆ ಒತ್ತಡ ಹಾಕೋದು?

ಉತ್ತರ: ನಿಮ್ಮ ಕೋಪ ನ್ಯಾಯವಾದದ್ದು. ಸಂವಿಧಾನದ 243ಯು ವಿಧಿ ಪ್ರಕಾರ ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಆದರೂ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ನಗರ ನಡೆಸಿದರು. ಕಾರ್ಪೊರೇಟರ್ ಇದ್ದರೆ ನಿಮ್ಮ ಪತ್ರ ಕೌನ್ಸಿಲ್ ಸಭೆಯಲ್ಲಿ ಪ್ರಶ್ನೆಯಾಗಿ ಬರುತ್ತದೆ, ನಡಾವಳಿಯಲ್ಲಿ ದಾಖಲಾಗುತ್ತದೆ. ಆ ದಾರಿ ಮುಚ್ಚಿದಾಗ ಕೌನ್ಸಿಲ್‌ನ ಅಧಿಕಾರ ಚಲಾಯಿಸುವವರು ಆಡಳಿತಾಧಿಕಾರಿ. ಹಾಗಾಗಿ ಆಯುಕ್ತರಿಗೆ ಒಂದು ಪ್ರತಿ, ಆಡಳಿತಾಧಿಕಾರಿಗೆ ಇನ್ನೊಂದು ಪ್ರತಿ ಕೊಡಿ. ಶಾಸಕರಿಗೂ ಕೊಡಿ. ರಾಜ್ಯ ಸರ್ಕಾರದ 1902 ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಆ ನಂಬರನ್ನು ಮುಂದಿನ ಪತ್ರದಲ್ಲಿ ಬರೆಯಿರಿ. ವಾರ್ಡ್ ಸಮಿತಿ ಇರುವ ಕಡೆ ಅದರ ಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯ ಪ್ರತಿ ಕೇಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಪಾಲಿಕೆ ಕಚೇರಿ ಮುಂದೆ ನಿಲ್ಲಲು ಪೊಲೀಸರು ಬಿಡಲಿಲ್ಲ, ಫ್ರೀಡಂ ಪಾರ್ಕಿಗೆ ಹೋಗಿ ಅಂದರು. ಇದು ಸರಿಯೇ?

ಉತ್ತರ: ಸದ್ಯದ ನಿಯಮ ಅದೇ. ಪ್ರತಿಭಟನೆಗಳ ಕುರಿತ 2021ರ ಪರವಾನಗಿ ಆದೇಶ ಮತ್ತು ಹೈಕೋರ್ಟಿನ ನಿರ್ದೇಶನದ ಪ್ರಕಾರ ನಗರದಲ್ಲಿ ಧರಣಿ, ಮೆರವಣಿಗೆಗೆ ಜಾಗ ಫ್ರೀಡಂ ಪಾರ್ಕ್ ಮಾತ್ರ, ಅದಕ್ಕೂ ಮೊದಲೇ ಅನುಮತಿ ಬೇಕು. ಮಹದೇವಪುರದ ಚರಂಡಿ ಸಮಸ್ಯೆಗೆ ಫ್ರೀಡಂ ಪಾರ್ಕ್ ಇರುವ ಗಾಂಧಿನಗರದವರೆಗೆ ಬರಬೇಕು ಅನ್ನುವುದು ಬಡಾವಣೆಯ ಜನರಿಗೆ, ಅದರಲ್ಲೂ ಕೂಲಿ ಬಿಟ್ಟು ಬರುವವರಿಗೆ ತುಂಬಾ ಭಾರ. ವಲಯಕ್ಕೊಂದು ಜಾಗವಾದರೂ ಬೇಕು ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಒಂದು ದಾರಿ ಇದೆ. ನಾಲ್ಕೈದು ಜನ ಮೊದಲೇ ಸಮಯ ಕೇಳಿಕೊಂಡು ವಲಯ ಆಯುಕ್ತರನ್ನು ಕಾಣಲು ಹೋಗುವುದು ಪ್ರತಿಭಟನೆ ಅಲ್ಲ. ಸಮಯ ಕೇಳಿದ್ದೂ ಬರಹದಲ್ಲೇ ಇರಲಿ.