ಅಜ್ಜಿಯ ತಲೆ ನೋಡಿದವರಾರು?

ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದಿದ್ದ ಐದನೇ ಕ್ಲಾಸಿನ ಹುಡುಗಿಯನ್ನು ತಾಯಿ ನನ್ನ ಬಳಿ ಆಪ್ತಸಲಹೆಗೆ ಕರೆತಂದಿದ್ದರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಎನ್ನೋಣ. ಸುಡು ಬೇಸಿಗೆಯಲ್ಲೂ ತಲೆಗೆ ಸ್ಕಾರ್ಫ್ ಬಿಗಿದಿತ್ತು, ಎಡಗಣ್ಣು ಕೆಂಡದಂತಿತ್ತು. ಕುರ್ಚಿಯನ್ನು ಗೋಡೆಯವರೆಗೂ ಎಳೆದುಕೊಂಡು ನನ್ನಿಂದ ದೂರ ಕೂತಳು. "ಹತ್ರ ಬಂದ್ರೆ ನಿಮಗೂ ಹತ್ತುತ್ತೆ" ಅಂದಳು. ಆ ಹೊತ್ತು ಅವಳ ಬಾಯಿಂದ ಬಂದದ್ದು ಇಷ್ಟೇ.

ಉಳಿದದ್ದನ್ನು ತಾಯಿ ಹೇಳಿದರು. ಪುಟ್ಟಿಯ ತಲೆಯಲ್ಲಿ ಹೇನು. ಕ್ಲಾಸಿನಲ್ಲಿ ಪಕ್ಕ ಕೂರುವ ಹುಡುಗಿಯ ತಾಯಿ ಶಾಲೆಗೆ ಬಂದು ಮಗಳ ಜಾಗ ಬದಲಿಸಿದರಂತೆ. ಅಂದಿನಿಂದ ಕ್ಲಾಸಿನಲ್ಲಿ ಪುಟ್ಟಿಗೆ 'ಹೇನಮ್ಮ' ಎಂಬ ಹೆಸರು. "ವಾರಕ್ಕೆ ಮೂರು ಸಲ ತಲೆಸ್ನಾನ ಮಾಡಿಸ್ತೀನಿ ಮೇಡಂ, ನಮ್ಮದೇನು ಗಲೀಜು ಮನೆಯಲ್ಲ." ಈ ಮಾತನ್ನು ಅವರು ನಾಲ್ಕು ಬಾರಿ ಹೇಳಿದರು. ಮಗಳಿಗಿಂತ ಹೆಚ್ಚು ನಾಚಿಕೊಂಡಿದ್ದವರು ಅವರೇ ಅನ್ನಿಸಿತು.

ಕಣ್ಣು ಯಾಕೆ ಹೀಗೆ ಎಂದೆ. ಸೀತಾಫಲದ ಬೀಜ ಕುಟ್ಟಿ ಎಣ್ಣೆಯಲ್ಲಿ ಕಲಸಿ ಹಚ್ಚಿದ್ದರು; ತೊಳೆಯುವಾಗ ಕಣ್ಣಿಗಿಳಿದಿತ್ತು. ಆ ದಿನ ಸಲಹೆ ಮುಂದುವರಿಸಲಿಲ್ಲ, ನೇರ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ. ಆ ಪುಡಿ ಬಿದ್ದರೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ, ಮೇಲ್ಪದರವೇ ಸುಲಿಯಬಹುದು. ಸೀಮೆಎಣ್ಣೆ, ಹೊಲಕ್ಕೆ ಹೊಡೆಯುವ ಔಷಧಿ ಹಚ್ಚುವವರೂ ಇದ್ದಾರೆ. ಅವಂತೂ ಜೀವಕ್ಕೇ ಎರವಾಗುವಂಥವು.

ಎರಡನೇ ಭೇಟಿಯಲ್ಲಿ ಆಗಿದ್ದನ್ನೆಲ್ಲ ದಿನದ ಲೆಕ್ಕದಲ್ಲಿ ಕೇಳಿದೆ. ಮೆಡಿಕಲ್ ಶಾಪಿನಿಂದ 1 ಪರ್ಸೆಂಟ್ ಪರ್ಮೆಥ್ರಿನ್ ಲೋಷನ್ ತಂದು ಸರಿಯಾಗಿಯೇ ಹಚ್ಚಿದ್ದರು: ತಲೆ ತೊಳೆದು, ಟವೆಲಿನಲ್ಲಿ ಒರೆಸಿ, ಬುಡಕ್ಕೆಲ್ಲ ಸವರಿ, ಹತ್ತು ನಿಮಿಷ ಬಿಟ್ಟು ತೊಳೆದಿದ್ದರು. ಮೂರನೇ ದಿನ ಕೂದಲಲ್ಲಿ ಸೀರು ಕಂಡಿತು. 'ಔಷಧಿ ನಾಟಲಿಲ್ಲ' ಅಂತ ಬಾಟಲಿ ಎಸೆದರು. ಎಡವಿದ್ದು ಅಲ್ಲಿ. ಆ ಲೋಷನ್ ಹೇನನ್ನು ಕೊಲ್ಲುತ್ತದೆ, ಸೀರನ್ನೆಲ್ಲ ಕೊಲ್ಲುವುದಿಲ್ಲ. ಸೀರು ಒಡೆದು ಮರಿ ಬರಲು 7ರಿಂದ 10 ದಿನ ಬೇಕು. ಆ ಮರಿ ಬೆಳೆದು ಮತ್ತೆ ಮೊಟ್ಟೆ ಇಡುವ ಮೊದಲೇ, ಅಂದರೆ ಒಂಬತ್ತನೇ ದಿನದ ಸುಮಾರಿಗೆ, ಎರಡನೇ ಬಾರಿ ಹಚ್ಚಲೇಬೇಕು. ನಮ್ಮ ಆರೋಗ್ಯ ಕೇಂದ್ರದ ವೈದ್ಯರ ಜತೆ ಮಾತಾಡಿ, ಪುಟ್ಟಿಯ ಕಣ್ಣು ವಾಸಿಯಾದ ಮೇಲೆ ಶುರುವಿನಿಂದ ಶುರು ಎಂದು ಗೊತ್ತುಮಾಡಿದೆವು.

"ಯಾರಿಂದ ಬಂತು ಅಂತ ಗೊತ್ತಾದ್ರೆ ಸಾಕಿತ್ತು" ಅಂದರು ತಾಯಿ. ಗೊತ್ತಾಗುವುದಿಲ್ಲ, ಬಿಟ್ಟುಬಿಡಿ ಎಂದೆ. ಮೊದಲ ಸಲ ಹೇನು ಹತ್ತಿದವರಿಗೆ ಕಡಿತ ಶುರುವಾಗುವುದೇ ನಾಲ್ಕಾರು ವಾರದ ಮೇಲೆ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ಕೂದಲಿಗೆ ಕೂದಲು ತಾಗಿದಾಗ ನಡೆದು ಬರುತ್ತದೆ. ದಿನಾ ತೊಳೆದ ತಲೆಯಾದರೂ ಅದಕ್ಕೆ ಒಂದೇ. ತಲೆ ಬಿಟ್ಟರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಮನೆಗೆಲ್ಲ ಸ್ಪ್ರೇ ಹೊಡೆಯುವುದು ದಂಡ. ದಿಂಬಿನ ಕವರು, ಹಣಿಗೆ, ಟವೆಲನ್ನು ಬಿಸಿನೀರಿಗೆ ಹಾಕಿದರೆ ಆಯ್ತು. (ಇಷ್ಟು ಹೇಳುವ ಹೊತ್ತಿಗೆ ನನ್ನ ತಲೆಯೂ ಕಡಿಯುತ್ತಿತ್ತು. ಇಂಥ ಪ್ರಕರಣದಲ್ಲಿ ಯಾವಾಗಲೂ ಹೀಗೇ.)

ರಾತ್ರಿ ಯಾರ ಪಕ್ಕ ಮಲಗ್ತೀಯ ಎಂದು ಪುಟ್ಟಿಯನ್ನು ಕೇಳಿದೆ. "ಅಜ್ಜಿ." ಒಂದೇ ದಿಂಬು. ತಾಯಿ ನೆಲ ನೋಡಿದರು. ಅತ್ತೆ ತಲೆ ಕೆರೆದುಕೊಳ್ಳುವುದು ಅವರಿಗೆ ಕಂಡಿತ್ತು, ಕೇಳಲು ಬಾಯಿ ಬಂದಿರಲಿಲ್ಲ. ಸೊಸೆ ಅತ್ತೆಗೆ 'ನಿಮ್ಮ ತಲೆಯಲ್ಲಿ ಹೇನಿದೆ' ಅನ್ನುವುದು ಹೇಗೆ? ಅದರ ಮೇಲೆ, ಮೊಮ್ಮಗಳ ಮುಡಿ ದೇವರಿಗೆ ಕೊಟ್ಟುಬಿಡೋಣ ಎಂದವರೂ ಅಜ್ಜಿಯೇ. ಪುಟ್ಟಿ ಸ್ಕಾರ್ಫ್ ಬಿಚ್ಚದೆ ಇದ್ದದ್ದು ಈ ಭಯಕ್ಕೆ. ಹರಕೆಯಿದ್ದರೆ ಕೊಡಿ, ಹೇನಿಗಾಗಿ ಕೂದಲು ತೆಗೆಸಬೇಕಿಲ್ಲ ಎಂದೆ. ಆಗ ಕುರ್ಚಿ ಒಂದು ಗೇಣು ಹತ್ತಿರ ಬಂತು.

ಉಪಾಯ ಇಷ್ಟೇ. ಅಜ್ಜಿಗೆ ಸೀರಣಿಗೆ ಕೊಟ್ಟು ಪುಟ್ಟಿಯ ತಲೆಯ ಜವಾಬ್ದಾರಿ ಒಪ್ಪಿಸಿ. ಬಳಿಕ ಪುಟ್ಟಿ "ಅಜ್ಜಿ, ಈಗ ನನ್ನ ಸರದಿ" ಅನ್ನಲಿ. ಅಜ್ಜಿಯ ಬಿಳಿ ಕೂದಲಲ್ಲಿ ಸೀರು ಕಣ್ಣಿಗೆ ಬೀಳದು, ಆದ್ದರಿಂದ ಒದ್ದೆ ಕೂದಲನ್ನು ಬುಡದಿಂದ ಬಾಚಿ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಹೇನು ಸಿಕ್ಕವರೆಲ್ಲ ಒಂದೇ ದಿನ ಲೋಷನ್ ಹಚ್ಚಬೇಕು. ಶಿಕ್ಷಕಿಗೂ ಫೋನ್ ಮಾಡಿದೆ: ಹೆಸರು ಹಿಡಿದು ಕರೆಯುವ ಬದಲು ಎಲ್ಲ ಮಕ್ಕಳ ಮನೆಗೂ ಒಂದೇ ಚೀಟಿ ಹೋಗಲಿ, ಪುಟ್ಟಿಯನ್ನು ರಜೆ ಹಾಕಿಸಿ ಮನೆಯಲ್ಲಿ ಕೂರಿಸುವುದು ಬೇಡ ಎಂದು.

ಮೂರನೇ ಭೇಟಿಗೆ ಅಜ್ಜಿಯೂ ಬಂದರು. ಮೊದಲ ದಿನ ಬಟ್ಟೆಯ ಮೇಲೆ ಅವರ ತಲೆಯಿಂದ ಬಿದ್ದದ್ದು ಹದಿನಾಲ್ಕು, ಎಣಿಸಿದ್ದು ಪುಟ್ಟಿ. ಎರಡನೇ ಸಲ ಹಚ್ಚಿದ ವಾರದ ಮೇಲೆ ಇಬ್ಬರಲ್ಲೂ ಜೀವಂತ ಹೇನಿಲ್ಲ. ಬುಡದಿಂದ ದೂರ ಕೂದಲಿಗಂಟಿದ ಖಾಲಿ ಚಿಪ್ಪು ನೋಡಿ ತಾಯಿ ಇನ್ನೂ ಬೆಚ್ಚುತ್ತಾರೆ. ಹಳೆಯ ಗೆಳತಿ ಪಕ್ಕಕ್ಕೆ ಮರಳಿಲ್ಲ. ಆದರೆ ಆ ಹುಡುಗಿಯ ತಾಯಿ ಚೀಟಿ ಸಿಕ್ಕ ಮೇಲೆ ಪುಟ್ಟಿಯ ತಾಯಿಗೆ ಗುಟ್ಟಾಗಿ ಫೋನ್ ಮಾಡಿ, ಯಾವ ಲೋಷನ್, ಎಷ್ಟನೇ ದಿನ ಎಂದು ಕೇಳಿದರಂತೆ.