ಮೆನುವಿನ ಕ್ಯಾಲೊರಿ ಅಂಕಿ ಮತ್ತು ಮಗಳ ಊಟ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಬೆಳಗಾವಿಯ ದಂಪತಿ ಹದಿನಾಲ್ಕು ವರ್ಷದ ಮಗಳನ್ನು ನನ್ನ ಬಳಿಗೆ ಕರೆತಂದದ್ದು, ಆಕೆ ರಾತ್ರಿಯ ಊಟ ಬಿಡುತ್ತಿದ್ದಾಳೆ, ಶಾಲೆಯ ಡಬ್ಬಿಯನ್ನೂ ಅರ್ಧಕ್ಕರ್ಧ ಹಾಗೇ ಮರಳಿ ತರುತ್ತಾಳೆ ಎಂಬ ಆತಂಕದಿಂದ. ತಂದೆಗೆ ಸಕ್ಕರೆ ಕಾಯಿಲೆ ಇದೆ. ಅದು ಗೊತ್ತಾದ ಮೇಲೆ, ಮನೆಮಂದಿಯೆಲ್ಲ ಆಗಾಗ ಹೋಗುವ ಪಿಜ್ಜಾ ಹೋಟೆಲಿನಲ್ಲಿ ಅವರು ಮೆನುವಿನ ಕ್ಯಾಲೊರಿಗಳನ್ನು ಗಟ್ಟಿಯಾಗಿ ಓದುವುದು ರೂಢಿಯಾಗಿತ್ತು. “ಇದೊಂದ್ರಾಗ ಎಷ್ಟ ಐತಿ ನೋಡವಾ, ಅರ್ಧಾ ದಿನದ್ದು ಇಲ್ಲೇ ಮುಗೀತು” ಎಂಬ ಅವರ ಮಾತನ್ನು ಮಗಳು ನನ್ನೆದುರು ಹಾಗೆಯೇ ಒಪ್ಪಿಸಿದಳು. ಇಷ್ಟೆಲ್ಲ ಓದಿದರೂ ಮನೆಯವರು ತರಿಸುತ್ತಿದ್ದ ಪದಾರ್ಥಗಳು ಬದಲಾಗಿರಲಿಲ್ಲ. ತಂದೆ ತಂಪು ಪಾನೀಯ ಬಿಟ್ಟಿದ್ದರು, ಅಷ್ಟೇ. ಮಗಳ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮಾತ್ರ ರೊಟ್ಟಿ, ಜುಣಕ, ಶೇಂಗಾ ಹಿಂಡಿ ಒಂದೊಂದರ ಮುಂದೂ ಅಂದಾಜಿನ ಸಂಖ್ಯೆ ಇತ್ತು, ಕೆಳಗೆ ಗೆರೆ ಎಳೆದು 2000 ಎಂದು ಬರೆದಿತ್ತು.

ಈ 2000 ಎಲ್ಲಿಂದ ಬಂತೆಂಬುದನ್ನು ಮೊದಲು ಬಿಡಿಸಿ ಹೇಳಬೇಕಾಯಿತು. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂಬ ನಿಯಮ ನಮ್ಮಲ್ಲಿ 2022ರ ಜುಲೈನಿಂದ ಇದೆ. ಮೆನುವಿನಲ್ಲಿ ಅದರ ಜೊತೆಗಿರುವ 2000ದ ಸಾಲು ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲೊರಿಯ ಸರಾಸರಿಯನ್ನು ಹೇಳುತ್ತದೆ. ಹದಿಮೂರರಿಂದ ಹದಿನೈದು ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2400 ಕ್ಯಾಲೊರಿ ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಅಂದಾಜು. ಬೆಳೆಯುವ ಹುಡುಗಿ ತನಗೆ ಬೇಕಾದದ್ದಕ್ಕಿಂತ ಕಡಿಮೆಯ ಗಡಿಯನ್ನು ಹಾಕಿಕೊಂಡಿದ್ದಳು, ಅದರೊಳಗೂ ಉಳಿಸಲು ನೋಡುತ್ತಿದ್ದಳು.

ಹಾಗಾದರೆ ಆ ಅಂಕಿಯಿಂದ ಉಪಯೋಗವೇ ಇಲ್ಲವೇ ಎಂದು ತಾಯಿ ಕೇಳಿದರು. ಇದೆ, ಆದರೆ ಅಲ್ಪ: ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ 2025ರ ವಿಮರ್ಶೆಯ ಪ್ರಕಾರ ಜನ ಆರಿಸುವ ಕ್ಯಾಲೊರಿ ಸರಾಸರಿ ಶೇಕಡಾ 1.8ರಷ್ಟು ಇಳಿಯುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಪುಟ್ಟ ಮಕ್ಕಳ ತಂದೆ-ತಾಯಿಗೆ ಇಂಥ ಮೆನು ಕೊಟ್ಟು, ಏನು ತರಿಸುತ್ತೀರಿ ಎಂದು ಕೇಳಿದಾಗ, ಅವರು ಮಕ್ಕಳ ಪಾಲಿನಲ್ಲಿ ಸುಮಾರು ನೂರು ಕ್ಯಾಲೊರಿ ತಗ್ಗಿಸಿದರು, ತಮ್ಮ ಪಾಲನ್ನು ತಗ್ಗಿಸಲಿಲ್ಲ. ಈ ಮನೆಯಲ್ಲೂ ಅಂಕಿಯ ಭಾರ ಬಿದ್ದದ್ದು ಮಗುವಿನ ಮೇಲೆಯೇ, ಮತ್ತು ಇದು ನನಗೆ ಬಹಳ ಕಳವಳದ ಸಂಗತಿ.

ತಂದೆಗೆ ಹೇಳಿದ್ದು ಸ್ಪಷ್ಟ: ಅಂಕಿಯನ್ನು ತಮಗಾಗಿ, ಮನಸ್ಸಿನಲ್ಲೇ ಓದಿಕೊಳ್ಳಬೇಕು, ಅದು ಎಷ್ಟು ಪ್ರಮಾಣದ ಪದಾರ್ಥಕ್ಕೆ ಹೇಳಿದ್ದೆಂದು ನೋಡಿ ದೊಡ್ಡದನ್ನು ಹಂಚಿಕೊಳ್ಳಬಹುದು. ಅವರ ಕಾಯಿಲೆಗೆ ಹಿಟ್ಟು ಮತ್ತು ಸಿಹಿಯ ಪ್ರಮಾಣ ಮುಖ್ಯವಾದ್ದರಿಂದ ಕ್ಯಾಲೊರಿಯೊಂದನ್ನೇ ನೆಚ್ಚಬಾರದು. ಊಟಕ್ಕೆ ಕೂತಾಗ ಯಾರ ತೂಕದ ಮಾತೂ ಬೇಡ. ತಾಯಿ ಒತ್ತಾಯಿಸಿ ಬಡಿಸುವುದನ್ನೂ ನೋಟ್‌ಬುಕ್ ಕಸಿದುಕೊಳ್ಳುವುದನ್ನೂ ಬಿಟ್ಟು, ರಾತ್ರಿ ಎಲ್ಲರೂ ಕೂಡಿ ಉಣ್ಣುವ ಹೊತ್ತನ್ನು ಗೊತ್ತುಮಾಡಬೇಕು. ಮಗಳೊಂದಿಗೆ ಪ್ರತ್ಯೇಕವಾಗಿ ಮಾತು ಮುಂದುವರಿಸಿದ್ದೇನೆ. ತೂಕ ಮತ್ತು ರಕ್ತ ಪರೀಕ್ಷೆಗೆಂದು ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಬೇಕು, ಮುಟ್ಟು ತಪ್ಪಿದರೆ ಅಥವಾ ತಲೆಸುತ್ತು ಬಂದರೆ ನನ್ನ ಮುಂದಿನ ಭೇಟಿಯವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಎಂದು ಇಬ್ಬರಿಗೂ ಬರೆದುಕೊಟ್ಟಿದ್ದೇನೆ.