ಹುಲ್ಲುಗಾವಲಿನ ಕಲ್ಲಿನ ಸುತ್ತು ಸಮಾಧಿಯಾ?

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಮೆಡಿಸಿನ್ ಹ್ಯಾಟ್ ಊರಿನ ಹತ್ತಿರ 5 ಮೀಟರ್ ಅಗಲದ ಕಲ್ಲಿನ ಸುತ್ತು ಕಂಡೆ, ಅದು ಸಮಾಧಿಯಾ, ನೆನಪಿಗೆ ಒಂದು ಕಲ್ಲು ತರಬಹುದಾ ಅಂತ ಕೇಳಿದ್ದೀರಿ. ಅದು ಸಮಾಧಿ ಇರಲಿಕ್ಕಿಲ್ಲ, ಬಹುಶಃ ಟೀಪೀ (ಕಂಬಗಳ ಮೇಲೆ ತೊಗಲು ಹೊದಿಸಿದ ಚೂಪು ತುದಿಯ ಡೇರೆ) ಹಾಕಿದ್ದ ಜಾಗ. ಬೈಸನ್ ತೊಗಲಿನ ಡೇರೆ ಗಾಳಿಗೆ ಏಳದಂತೆ ಅಂಚಿಗೆ ಕಲ್ಲು ಹೇರುತ್ತಿದ್ದರು. ಹೊರಡುವಾಗ ತೊಗಲು, ಕಂಬ ಮಾತ್ರ ಹೊತ್ತೊಯ್ಯುತ್ತಿದ್ದರು. ಅದು ಬ್ಲ್ಯಾಕ್‌ಫುಟ್ ಎಂಬ ಮೂಲನಿವಾಸಿ ಜನರ ನಾಡು. ದಕ್ಷಿಣ ಆಲ್ಬರ್ಟಾದಲ್ಲಿ ಇಂಥ ಸುತ್ತುಗಳು ಸಾವಿರಾರು ಇವೆ.

ಮೊದಲು ಕಲ್ಲುಗಳನ್ನು ನೋಡಿ. ಅರ್ಧ ಮಣ್ಣಲ್ಲಿ ಹೂತು, ಮೇಲೆ ಕಲ್ಲುಹೂವು ಹಿಡಿದಿದ್ದರೆ ಹಳೆಯದು, ಇತ್ತೀಚೆಗೆ ಯಾರೋ ಸುಮ್ನೆ ಜೋಡಿಸಿದ್ದಲ್ಲ. ಆಮೇಲೆ ನಡುವೆ ನೋಡಿ. ದೊಡ್ಡ ಕಲ್ಲುಗುಪ್ಪೆ ಇದ್ದು, ಅದರಿಂದ ಗಾಲಿಯ ಅರಗಳಂತೆ ಸಾಲುಗಳು ಹೊರಟಿದ್ದರೆ ಅದು ಮೆಡಿಸಿನ್ ವೀಲ್ ಇರಬಹುದು. ಅದು ಮೂಲನಿವಾಸಿಗಳ ಪವಿತ್ರ ಸ್ಥಳ, ಒಳಗೆ ಕಾಲಿಡಬೇಡಿ.

ಅಳತೆಗೆ ಏನಾದರೂ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ, ಜಿಪಿಎಸ್ ಗುರುತು ಹಾಕಿಕೊಳ್ಳಿ. ಜಾಗ ಎಲ್ಲಿದೆ ಅಂತ ಫೇಸ್‌ಬುಕ್‌ನಲ್ಲಿ ಹಾಕಬೇಡಿ. ಎಷ್ಟು ಹಳೆಯದು ಅಂತ ಬರೀ ಕಲ್ಲು ನೋಡಿ ಯಾರೂ ಹೇಳಲಾರರು. ಒಲೆಯ ಇದ್ದಿಲೋ ಬಾಣದ ಮೊನೆಯೋ ಸಿಗಬೇಕು, ಅದಕ್ಕೆ ಅಗೆಯಲು ಪರವಾನಗಿ ಬೇಕು.

ನೆನಪಿಗೆ ಒಂದು ಕಲ್ಲು ತರಬಹುದಾ ಅಂದಿರಲ್ಲ, ಬೇಡವೇ ಬೇಡ. ಒಂದು ಕಲ್ಲು ಸರಿದರೂ ಸುತ್ತಿನ ಆಕಾರ ಕೆಡುತ್ತದೆ, ಕಾನೂನಿನ ತೊಂದರೆ ಬೇರೆ. ಜಮೀನಿನವರಿಗೆ ತಿಳಿಸಿ, ಫೋಟೋಗಳನ್ನು ಆಲ್ಬರ್ಟಾ ಸರ್ಕಾರದ ಪುರಾತತ್ವ ವಿಭಾಗಕ್ಕೆ ಈಮೇಲ್ ಮಾಡಿ.